‘ಭಾಷಾ ಪೊಲೀಸ್’ ಅಂತ ಬರೆದು ಸಿಕ್ಕಿಬಿದ್ದ ಕಥೆ

ಟೊರಾಂಟೊ ಹತ್ತಿರ ಕನ್ನಡದಲ್ಲಿ ಓದುವ, ಬರೆಯುವ ಕೆಲವರು ಸೇರಿದ್ದ ಕಡೆ ಆಡಿದ ಮಾತುಗಳಿವು. ಮಾತಿನ ಭರದಲ್ಲಿ ಬಿಟ್ಟುಹೋದ ಒಂದಷ್ಟು ಇಸವಿಗಳನ್ನು ಸೇರಿಸಿದ್ದೇನೆ, ಎರಡು ಸಲ ಹೇಳಿದ ಜೋಕನ್ನು ಒಂದು ಸಲಕ್ಕೆ ಇಳಿಸಿದ್ದೇನೆ. ಉಳಿದದ್ದು ಹಾಗೇ ಇದೆ.

ಮೊದಲು ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. 2022ರ ಮೇ ತಿಂಗಳಲ್ಲಿ ಕೆನಡಾದಲ್ಲಿ ಫ್ರೆಂಚ್ ಮಾತಿನವರೇ ಹೆಚ್ಚಿರುವ ಪ್ರಾಂತ್ಯ ಕ್ವಿಬೆಕ್, ಅದರ ಶಾಸನಸಭೆ 96ನೇ ಮಸೂದೆಯನ್ನು ಪಾಸು ಮಾಡಿತು. ಅಲ್ಲಿನ ಫ್ರೆಂಚ್ ಭಾಷಾ ಕಾನೂನನ್ನು ಇನ್ನಷ್ಟು ಬಿಗಿ ಮಾಡಿದ ಮಸೂದೆ ಅದು. ಊರಿನ ಒಂದು ಪತ್ರಿಕೆಯವರು ಫೋನ್ ಮಾಡಿ, ಮಾಂಟ್ರಿಯಲ್‌ನಲ್ಲೇ ಇದ್ದೀರಲ್ಲ ಸಾರ್, ಒಂದು ಲೇಖನ ಕೊಡಿ ಅಂದರು. ರಾತ್ರಿ ಊಟ ಮುಗಿಸಿ ಕೂತೆ, ಒಂದೇ ಏಟಿಗೆ ಬರೆದು ಕಳಿಸಿದೆ. ತಲೆಬರಹ ‘ಭಾಷಾ ಪೊಲೀಸರ ಊರಿನಲ್ಲಿ’. ನನಗೇ ಬಹಳ ಇಷ್ಟವಾಗಿತ್ತು. ಊರಿಂದ ನಾಲ್ಕು ಜನ ಫೋನ್ ಮಾಡಿ ಹೊಗಳಿದ್ದೂ ಆಯಿತು.

ಆಮೇಲೆ ಆಫೀಸಿನಲ್ಲಿ ನನ್ನ ಪಕ್ಕದ ಟೇಬಲ್ಲಿನವರು ಅದನ್ನು ಫೋನಿನಲ್ಲಿ ಅನುವಾದ ಮಾಡಿಕೊಂಡು ಓದಿದರು. ಅವರದು ಫ್ರೆಂಚ್ ಮನೆಮಾತು. ಓದಿ ಮುಗಿಸಿ, ಜಗಳ ಗಿಗಳ ಏನಿಲ್ಲ, ಒಂದೇ ಪ್ರಶ್ನೆ ಕೇಳಿದರು. “ಆ ಪೊಲೀಸರನ್ನ ನೀನು ನೋಡಿದ್ದೀಯಾ?” (ಫ್ರೆಂಚಿನಲ್ಲೂ ನಮ್ಮ ಹಾಗೆ ನೀನು, ನೀವು ಎರಡೂ ಇದೆ. ನಮ್ಮ ಆಫೀಸಿನಲ್ಲಿ ಎಲ್ಲರಿಗೂ ನೀನು.)

ನೋಡಿರಲಿಲ್ಲ. ನೋಡಲು ಅಂಥವರು ಇದ್ದರೆ ತಾನೆ? ಇರುವುದು 1961ರಲ್ಲಿ ಶುರುವಾದ ಒಂದು ಸರ್ಕಾರಿ ಕಚೇರಿ, ಫ್ರೆಂಚ್ ಭಾಷಾ ಕಚೇರಿ. ಅಲ್ಲಿ ಪದಕೋಶ ಮಾಡುತ್ತಾರೆ, ಹೊಸ ತಾಂತ್ರಿಕ ಪದಗಳಿಗೆ ಫ್ರೆಂಚ್ ಪದ ಹುಡುಕುತ್ತಾರೆ. ಇನ್‌ಸ್ಪೆಕ್ಟರುಗಳೂ ಇದ್ದಾರೆ. ಆದರೆ ಖಾಕಿ ಇಲ್ಲ, ಲಾಠಿ ಇಲ್ಲ, ಯಾರನ್ನೂ ಹಿಡಿದು ಕೂರಿಸುವ ಅಧಿಕಾರವೂ ಇಲ್ಲ. ದೂರು ಬಂದರೆ ನೋಡುತ್ತಾರೆ, ಕಾಗದ ಕಳಿಸುತ್ತಾರೆ, ಸರಿಮಾಡಲು ಸಮಯ ಕೊಡುತ್ತಾರೆ. ಅದಕ್ಕೂ ಬಗ್ಗದಿದ್ದರೆ ಕೇಸು, ದಂಡ. ನಮ್ಮಲ್ಲಿ ತೂಕ ಮತ್ತು ಅಳತೆ ಇಲಾಖೆಯವರು ಅಂಗಡಿಗೆ ಬಂದು ತಕ್ಕಡಿಗೆ ಮುದ್ರೆ ಇದೆಯಾ ಅಂತ ನೋಡುತ್ತಾರಲ್ಲ, ಅವರನ್ನು ನಾವು ತಕ್ಕಡಿ ಪೊಲೀಸ್ ಅನ್ನುತ್ತೇವಾ?

ಹಾಗಂತ ಆ ಅಡ್ಡಹೆಸರು ಸುಮ್ನೆ ಹುಟ್ಟಿದ್ದೂ ಅಲ್ಲ. 2013ರಲ್ಲಿ ಇದೇ ಕಚೇರಿಯವರು ಮಾಂಟ್ರಿಯಲ್‌ನ ಒಂದು ಇಟಾಲಿಯನ್ ಹೋಟೆಲಿಗೆ, ನಿಮ್ಮ ಮೆನುವಿನಲ್ಲಿ ‘ಪಾಸ್ತಾ’ ಅಂತ ಇಟಾಲಿಯನ್ ಪದ ಇದೆ ಅಂತ ಕಾಗದ ಬರೆದರು. ಜಗತ್ತೆಲ್ಲ ನಕ್ಕಿತು. ಕಚೇರಿಯ ಮುಖ್ಯಸ್ಥರು ರಾಜೀನಾಮೆ ಕೊಟ್ಟು ಹೋಗಬೇಕಾಯಿತು. ನನ್ನ ಕೆಳಗಿನ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಇಂಗ್ಲಿಷ್ ಮನೆಮಾತು. ಹುಟ್ಟಿದ್ದು ಮಾಂಟ್ರಿಯಲ್‌ನಲ್ಲೇ, ಅವರ ಅಪ್ಪನೂ ಅಲ್ಲೇ ಹುಟ್ಟಿದವರು. ಮಕ್ಕಳಿಬ್ಬರೂ ಊರು ಬಿಟ್ಟು ಹೋಗಿದ್ದಾರೆ. ಬರೀ ಒಂದು ಕಾಗದಕ್ಕೆ ಯಾಕೆ ಪೊಲೀಸ್ ಅನ್ನುತ್ತೀರಿ ಅಂತ ಅವರನ್ನೂ ಕೇಳಿದೆ. “ಕಾಗದ ನಿನಗೆ ಬಂದಿಲ್ಲ ಕಣಪ್ಪಾ” ಅಂದರು. ಅಂದರೆ ಅವರು ಇಂಗ್ಲಿಷಿನಲ್ಲಿ ಹೇಳಿದ್ದು ನನ್ನ ಕಿವಿಗೆ ಹಾಗೆ ಕೇಳಿಸಿತು.

ಈಗ ಬರೆಯುವುದಾದರೆ ಕಚೇರಿಯನ್ನು ಅದರ ಹೆಸರಿನಲ್ಲೇ ಕರೆಯುತ್ತೇನೆ. ಅದು ಏನು ಮಾಡಬಹುದು, ಏನು ಮಾಡುವ ಹಾಗಿಲ್ಲ ಅಂತ ಒಂದು ಸಾಲು. ಇಂಗ್ಲಿಷ್ ಪತ್ರಿಕೆಗಳು ಅದನ್ನು ಏನಂತ ಆಡಿಕೊಳ್ಳುತ್ತವೆ, ಯಾಕೆ, ಅನ್ನುವುದು ಅದರ ಮುಂದಿನ ಸಾಲು. ಅಡ್ಡಹೆಸರನ್ನು ಬಿಡಬೇಕಾಗಿಲ್ಲ. ಅದನ್ನು ತಲೆಬರಹ ಮಾಡಿದೆನಲ್ಲ, ಅಲ್ಲೇ ನಾನು ಕೆಟ್ಟಿದ್ದು.

ನನಗೆ ಆ ಪದ ಎಲ್ಲಿಂದ ಬಂತು ಅಂತ ಆಮೇಲೆ ಯೋಚಿಸಿದೆ. ಇಂಗ್ಲಿಷಿನಿಂದ, ಇನ್ನೆಲ್ಲಿಂದ? ಕ್ವಿಬೆಕ್ ಬಗ್ಗೆ ಕನ್ನಡದಲ್ಲಿ ಬರುವ ಸುದ್ದಿ ಹೆಚ್ಚುಕಡಿಮೆ ಎಲ್ಲವೂ ಇಂಗ್ಲಿಷ್ ಏಜೆನ್ಸಿಯಿಂದ ಇಳಿದು ಬರುತ್ತದೆ. ಇಬ್ಬರ ನಡುವೆ ಜಗಳ, ನಾವು ಒಬ್ಬರ ಬಾಯಿಂದ ಕೇಳಿ ಇನ್ನೊಬ್ಬರ ಬಗ್ಗೆ ಬರೆಯುತ್ತೇವೆ, ಆಮೇಲೆ ನಾವು ಮೂರನೆಯವರು, ನಮಗೇನು ಪಕ್ಷಪಾತ ಅನ್ನುತ್ತೇವೆ.

ಒಂದು ಪದ ನೋಡಿ. ಕ್ವಿಬೆಕ್ ಬೇರೆ ದೇಶ ಆಗಬೇಕು ಅನ್ನುವವರನ್ನು ಇಂಗ್ಲಿಷ್ ಪತ್ರಿಕೆಗಳು ಸೆಪರಟಿಸ್ಟ್ ಅನ್ನುತ್ತವೆ. ನಾವು ಅದನ್ನು ‘ಪ್ರತ್ಯೇಕತಾವಾದಿ’ ಮಾಡುತ್ತೇವೆ. ಡಿಕ್ಷನರಿ ಪ್ರಕಾರ ಸರಿ. ಆದರೆ ಕನ್ನಡ ಪೇಪರ್ ಓದಿ ಬೆಳೆದವರಿಗೆ ಆ ಪದ ಕೇಳಿದ ಕೂಡಲೇ ಕಣ್ಣಿಗೆ ಬರುವುದೇನು? ಬಂದೂಕು, ಕರ್ಫ್ಯೂ, ಬಾಂಬು. ಅವರು ತಮ್ಮನ್ನು ಕರೆದುಕೊಳ್ಳುವುದು ಸುವರೆನಿಸ್ಟ್, ಅಂದರೆ ಸಾರ್ವಭೌಮತ್ವ ಕೇಳುವವರು ಅಂತ. ಅವರ ಪಾರ್ಟಿ 1976ರಲ್ಲಿ ಚುನಾವಣೆ ಗೆದ್ದು ಸರ್ಕಾರ ಮಾಡಿತು, ಎರಡು ಸಲ ಜನರ ಮುಂದೆ ಮತಕ್ಕೆ ಹೋಗಿ ಎರಡು ಸಲವೂ ಸೋಲನ್ನು ಒಪ್ಪಿಕೊಂಡಿತು. ಬಾಂಬು ಇಟ್ಟವರೂ ಇದ್ದರು, ಮುಚ್ಚಿಡುವುದು ಬೇಡ. ಎಫ್‌ಎಲ್‌ಕ್ಯೂ (ಕ್ವಿಬೆಕ್ ವಿಮೋಚನಾ ರಂಗ) ಗುಂಪು 1970ರ ಅಕ್ಟೋಬರಿನಲ್ಲಿ ಬ್ರಿಟಿಷ್ ಅಧಿಕಾರಿ ಜೇಮ್ಸ್ ಕ್ರಾಸ್ ಅವರನ್ನು ಅಪಹರಿಸಿತು, ಆಮೇಲೆ ಕ್ವಿಬೆಕ್‌ನ ಸಚಿವ ಪಿಯೇರ್ ಲಪೋರ್ಟ್ ಅವರನ್ನು ಅಪಹರಿಸಿ ಕೊಂದಿತು. ಒಟ್ಟಾವದ ಕೇಂದ್ರ ಸರ್ಕಾರ ಯುದ್ಧಕಾಲದ ಕಾಯ್ದೆ ಜಾರಿ ಮಾಡಿ ಸುಮಾರು 500 ಜನರನ್ನು ಹಿಡಿದು ಒಳಗೆ ಹಾಕಿತು. ಅದರಲ್ಲಿ ಹೆಚ್ಚಿನವರ ಮೇಲೆ ಕೇಸೇ ಬೀಳಲಿಲ್ಲ. ಈ ಎರಡೂ ಸಾಲು ಒಟ್ಟಿಗೆ ಬರಬೇಕು. ಒಂದನ್ನು ಬರೆದು ಇನ್ನೊಂದನ್ನು ಜಾಗ ಸಾಲದು ಅಂತ ಬಿಟ್ಟರೆ, ಜಾಗ ಯಾರಿಗೆ ಸಾಲಲಿಲ್ಲ ಅಂತ ಓದುಗ ಕೇಳಬೇಕಾಗುತ್ತದೆ. ಅಂತೂ ನಾನೀಗ ‘ಸ್ವತಂತ್ರ ಕ್ವಿಬೆಕ್ ಬೇಕು ಅನ್ನುವವರು’ ಅಂತ ಉದ್ದವಾಗಿಯೇ ಬರೆಯುತ್ತೇನೆ.

ಇನ್ನೊಂದು ನಮ್ಮದೇ ತೊಂದರೆ. ‘ಇಂಗ್ಲಿಷರು’, ‘ಫ್ರೆಂಚರು’. ಈ ಪದ ನಾವು ಕಲಿತದ್ದು ಎಲ್ಲಿ? ಹೈಸ್ಕೂಲಿನ ಇತಿಹಾಸದ ಪುಸ್ತಕದಲ್ಲಿ. ಇಂಗ್ಲಿಷರು ಅಂದರೆ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದವರು, ಫ್ರೆಂಚರು ಅಂದರೆ ಹೈದರ್-ಟಿಪ್ಪುವಿನ ಕಡೆ ಇದ್ದವರು. ಹಾಗಾಗಿ ‘ಕೆನಡಾದಲ್ಲಿ ಇಂಗ್ಲಿಷರು-ಫ್ರೆಂಚರ ಜಗಳ’ ಅಂತ ಬರೆದ ಕೂಡಲೇ ನಮ್ಮ ಓದುಗ ಅರ್ಧ ಒಂದು ಕಡೆ ವಾಲಿಬಿಟ್ಟಿರುತ್ತಾನೆ. ಮಜಾ ಅಂದರೆ ಇದರಲ್ಲಿ ನಿಜವಾದ ನಂಟೂ ಇದೆ. ಒಂದೇ ಯುದ್ಧ ಎರಡೂ ಕಡೆ ನಡೆಯುತ್ತಿತ್ತು. 1759ರ ಸೆಪ್ಟೆಂಬರಿನಲ್ಲಿ ಕ್ವಿಬೆಕ್ ನಗರದ ಹೊರಗಿನ ಬಯಲಿನಲ್ಲಿ ಫ್ರೆಂಚ್ ಸೇನೆ ಬ್ರಿಟಿಷರಿಗೆ ಸೋತಿತು. ನಾಲ್ಕು ತಿಂಗಳಲ್ಲಿ ತಮಿಳುನಾಡಿನ ವಾಂಡಿವಾಷ್‌ನಲ್ಲೂ ಸೋತಿತು. 1763ರ ಪ್ಯಾರಿಸ್ ಒಪ್ಪಂದ ಎರಡಕ್ಕೂ ಮುಕ್ತಾಯ ಹಾಡಿತು.

ಆದರೆ ಇವತ್ತಿನ ಮಾಂಟ್ರಿಯಲ್‌ನಲ್ಲಿ ‘ಇಂಗ್ಲಿಷ್’ ಅನ್ನಿಸಿಕೊಳ್ಳುವವರಲ್ಲಿ ಐರಿಷರ ಮೊಮ್ಮಕ್ಕಳಿದ್ದಾರೆ, ಯಹೂದಿಗಳಿದ್ದಾರೆ, ಗ್ರೀಕರು, ಇಟಲಿಯವರು, ನಮ್ಮ ಪಂಜಾಬಿಗಳೂ ಇದ್ದಾರೆ. ‘ಫ್ರೆಂಚ್’ ಅನ್ನುವವರಲ್ಲಿ ಹೈಟಿಯಿಂದ ಬಂದ ನರ್ಸು, ಅಲ್ಜೀರಿಯಾದಿಂದ ಬಂದ ಟ್ಯಾಕ್ಸಿಯವನು. ಫ್ರಾನ್ಸಿಗೂ ಇವರಿಗೂ ಎಷ್ಟು ದೂರ ಅಂದರೆ, ಫ್ರಾನ್ಸಿನ ರಸ್ತೆಯಲ್ಲಿ ಕೆಂಪು ಎಂಟುಮೂಲೆ ಬೋರ್ಡಿನ ಮೇಲೆ ‘ಸ್ಟಾಪ್’ ಅಂತಲೇ ಇರುತ್ತದೆ, ಕ್ವಿಬೆಕ್‌ನಲ್ಲಿ ‘ಆರೆ’ ಅಂತ ಅದೇ ಅರ್ಥದ ಫ್ರೆಂಚ್ ಪದ ಇರುತ್ತದೆ. ಭಾಷೆ ಕೈತಪ್ಪೀತು ಅನ್ನುವ, ಪ್ಯಾರಿಸ್ಸಿನವರಿಗೆ ಇಲ್ಲದ ಭಯ ಇವರಿಗಿದೆ. ಹಾಗಾಗಿ ‘ಇಂಗ್ಲಿಷ್ ಮಾತಿನವರು’, ‘ಫ್ರೆಂಚ್ ಮಾತಿನವರು’ ಅಂತ ಬರೆದರೆ ಸಾಕು.

ಹೆಸರಿನ ವಿಷಯ ಬಂತಲ್ಲ, ಇದನ್ನು ಸ್ವಲ್ಪ ಎಳೆಯುತ್ತೇನೆ, ನನಗೆ ಇಷ್ಟದ ಭಾಗ ಇದು. ಮೇ 25ಕ್ಕೆ ಹಿಂದಿನ ಸೋಮವಾರ ಕೆನಡಾದಲ್ಲಿ ರಜೆ. ನಿಮಗೆ ಇಲ್ಲಿ ಟೊರಾಂಟೊದಲ್ಲಿ ಅದು ವಿಕ್ಟೋರಿಯಾ ಡೇ, ರಾಣಿಯ ಹುಟ್ಟುಹಬ್ಬ. ನಮಗೆ ಅಲ್ಲಿ 2003ರಿಂದ ಅದೇ ಸೋಮವಾರ ದೇಶಭಕ್ತರ ದಿನ. ಯಾವ ದೇಶಭಕ್ತರು? 1837-38ರಲ್ಲಿ ಬ್ರಿಟಿಷ್ ಆಳ್ವಿಕೆಯ ವಿರುದ್ಧ ಎದ್ದವರು, ಅಂದರೆ ಇದೇ ವಿಕ್ಟೋರಿಯಾ ಪಟ್ಟಕ್ಕೆ ಬಂದ ಹೊಸತರಲ್ಲಿ. 12 ಜನರನ್ನು ಮಾಂಟ್ರಿಯಲ್ ಜೈಲಿನ ಮುಂದೆ ಗಲ್ಲಿಗೇರಿಸಿದರು. ಒಂದು ಕಡೆ ರಾಣಿಗೆ ಪಟಾಕಿ, ಇನ್ನೊಂದು ಕಡೆ ಆಕೆಯ ಸರ್ಕಾರ ನೇಣು ಹಾಕಿದವರಿಗೆ ಹೂವು, ಒಂದೇ ದಿನ, ಒಂದೇ ರಜೆ! ಇದನ್ನು ಇಂಗ್ಲಿಷ್-ಫ್ರೆಂಚ್ ಜಗಳ ಅಂತ ಮುಗಿಸಲು ಹೋದರೂ ಎಡವುತ್ತೀರಿ. ಆ ದಂಗೆಯ ಮುಖಂಡರಲ್ಲಿ ವೋಲ್ಫ್ರೆಡ್ ನೆಲ್ಸನ್ ಅನ್ನುವ ಇಂಗ್ಲಿಷ್ ಮಾತಿನ ಡಾಕ್ಟರೂ ಇದ್ದರು, ಅದೇ ವರ್ಷ ಈ ನಿಮ್ಮ ಟೊರಾಂಟೊದಲ್ಲೂ ದಂಗೆ ಎದ್ದಿತ್ತು.

1981ರ ನವೆಂಬರ್ ತೆಗೆದುಕೊಳ್ಳಿ. ಕೆನಡಾದ ಸಂವಿಧಾನವನ್ನು ಬ್ರಿಟನ್ನಿನಿಂದ ತಮ್ಮ ಕೈಗೆ ತಂದುಕೊಳ್ಳುವ ಮಾತುಕತೆ. ಕ್ವಿಬೆಕ್‌ನ ಪ್ರೀಮಿಯರ್ (ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ) ರೆನೆ ಲೆವೆಕ್ ರಾತ್ರಿ ನದಿಯಾಚೆಯ ಹೋಟೆಲಿಗೆ ಮಲಗಲು ಹೋದರು. ಬೆಳಗ್ಗೆ ಬಂದು ನೋಡಿದರೆ ಉಳಿದ ಒಂಬತ್ತು ಪ್ರಾಂತ್ಯದವರೂ ಒಟ್ಟಾವದವರೂ ಅವರನ್ನು ಬಿಟ್ಟು ಒಪ್ಪಂದಕ್ಕೆ ಬಂದಿದ್ದರು. ಕರಡು ಶುರುವಾದದ್ದು ಸಭಾಭವನದ ಅಡುಗೆಮನೆಯಲ್ಲಿ, ಅದಕ್ಕೇ ಇಂಗ್ಲಿಷ್ ಮಾತಿನವರಿಗೆ ಅದು ‘ಅಡುಗೆಮನೆ ಒಪ್ಪಂದ’. ಕೇಳಿದರೆ ಕಾಫಿ ಕುಡಿಯುತ್ತಾ ಮಾತಾಡಿ ಮುಗಿಸಿದ ಹಾಗಿದೆ. ಕ್ವಿಬೆಕ್‌ನಲ್ಲಿ ಅದಕ್ಕೆ ‘ಉದ್ದ ಚಾಕುಗಳ ರಾತ್ರಿ’ ಅನ್ನುತ್ತಾರೆ, ಹಿಟ್ಲರ್ 1934ರಲ್ಲಿ ತನ್ನವರನ್ನೇ ಕೊಲ್ಲಿಸಿದ ರಾತ್ರಿಯ ಹೆಸರು. ಎರಡು ಹೆಸರಿನಲ್ಲಿ ಯಾವುದನ್ನು ಆರಿಸಿದರೂ ನೀವು ತೀರ್ಪು ಕೊಟ್ಟ ಹಾಗೆ. ಇಂಥ ಕಡೆ ನಾನು ಎರಡನ್ನೂ ಪಕ್ಕಪಕ್ಕ ಇಟ್ಟು, ಆ ರಾತ್ರಿ ಯಾರು ಎಲ್ಲಿದ್ದರು ಅಂತ ಹೇಳಿ ಸುಮ್ಮನಾಗುತ್ತೇನೆ. ಕ್ವಿಬೆಕ್ ಇವತ್ತಿಗೂ ಆ ಸಂವಿಧಾನಕ್ಕೆ ಒಪ್ಪಿಗೆ ಕೊಟ್ಟಿಲ್ಲ, ಆದರೂ ಅದು ಕ್ವಿಬೆಕ್‌ಗೆ ಅನ್ವಯಿಸುತ್ತದೆ. ಈ ಸಾಲನ್ನು ಮಾತ್ರ ಬಿಡಬಾರದು.

ಕನ್ನಡದ ವ್ಯಾಕರಣವೂ ಕೈಕೊಡುತ್ತದೆ. ನನ್ನ ಆ ಹಳೆಯ ಲೇಖನದಲ್ಲಿ ಒಂದು ವಾಕ್ಯ ಹೀಗಿತ್ತು: ‘ಬಂದು ಆರು ತಿಂಗಳಾದ ಮೇಲೆ ವಲಸಿಗರು ಫ್ರೆಂಚಿನಲ್ಲೇ ಮಾತಾಡಬೇಕು.’ ಎಷ್ಟು ತಪ್ಪು ಅಂತ ನೋಡಿ. ಕಾನೂನು ಹೇಳುವುದು ಸರ್ಕಾರದ ಕಚೇರಿಗಳಿಗೆ: ಬಂದು ಆರು ತಿಂಗಳಾದ ಹೊಸಬರ ಜೊತೆ ನೀವು ಫ್ರೆಂಚಿನಲ್ಲಿ ವ್ಯವಹರಿಸಿ ಅಂತ. ಆರೋಗ್ಯ, ಸಾರ್ವಜನಿಕ ಸುರಕ್ಷತೆಯಂಥ ಕಡೆ ಅದಕ್ಕೂ ವಿನಾಯಿತಿ ಇದೆ. ನಾನು ಕರ್ತೃವನ್ನೇ ಬದಲಾಯಿಸಿ ವಲಸಿಗರನ್ನು ಕೂರಿಸಿದೆ. ಸಾಲದ್ದಕ್ಕೆ ಆ ‘ಲ್ಲೇ’. ಒಂದು ಏಕಾರ ಸೇರಿಸಿದರೆ ಮನೆಯೊಳಗೆ ಹೆಂಡತಿ ಮಕ್ಕಳ ಜೊತೆಗೂ ಫ್ರೆಂಚ್ ಆಡಬೇಕು ಅನ್ನುವ ಹಾಗೆ ಕೇಳಿಸುತ್ತದೆ. ಹೊಸಬರಿಗೆ ಇದರಿಂದ ಕಷ್ಟ ಇಲ್ಲವಾ? ಇದೆ. ಆರು ತಿಂಗಳಲ್ಲಿ ತೆರಿಗೆ ಕಾಗದ ಓದುವಷ್ಟು ಫ್ರೆಂಚ್ ನನಗೆ ಬಂದಿರಲಿಲ್ಲ, ಬರುವುದೂ ಸಾಧ್ಯವಿಲ್ಲ. ಅದನ್ನು ಹಾಗೇ ಬರೆಯಬಹುದಿತ್ತು, ಅಲ್ವಾ?

ಕ್ರಿಯಾಪದಗಳನ್ನೂ ಎಣಿಸಿದೆ. ಇಂಗ್ಲಿಷ್ ಮಾತಿನವರು ನನ್ನ ಲೇಖನದಲ್ಲಿ ‘ಆತಂಕ ವ್ಯಕ್ತಪಡಿಸಿದ್ದರು’, ‘ನೊಂದು ನುಡಿದಿದ್ದರು’. ಫ್ರೆಂಚ್ ಮಾತಿನವರು ‘ಪಟ್ಟು ಹಿಡಿದಿದ್ದರು’, ‘ಸಮರ್ಥಿಸಿಕೊಂಡಿದ್ದರು’. ಒಬ್ಬರೂ ಸುಮ್ನೆ ‘ಹೇಳಿದರು’ ಅನ್ನುವುದಿಲ್ಲ. ಆಮೇಲೆ ಈ ‘ಲಾಯಿತು’. 1755ರಿಂದ ಅಕೇಡಿಯಾದಲ್ಲಿ, ಅಂದರೆ ಈಗಿನ ನೋವಾ ಸ್ಕೋಷಿಯಾದ ಕಡೆ, 10 ಸಾವಿರಕ್ಕೂ ಹೆಚ್ಚು ಫ್ರೆಂಚ್ ಮಾತಿನ ಜನರನ್ನು ‘ಗಡೀಪಾರು ಮಾಡಲಾಯಿತು’. ಯಾರು ಮಾಡಿದರು? ವಾಕ್ಯದಲ್ಲಿ ಯಾರೂ ಇಲ್ಲ! ಬ್ರಿಟಿಷ್ ಅಧಿಕಾರಿಗಳು ಹಡಗು ಹತ್ತಿಸಿ ಕಳಿಸಿದರು ಅಂತ ಬರೆದರೆ ಪಕ್ಷಪಾತ ಆಗುವುದಿಲ್ಲ, ಅದು ನಡೆದ ವಿಷಯ. ತಟಸ್ಥವಾಗಿರಬೇಕು ಅಂತ ಮಾಡಿದವರ ಹೆಸರನ್ನೇ ನುಂಗಿಬಿಡುವ ಚಾಳಿ ನಮ್ಮಲ್ಲಿ ಜಾಸ್ತಿ.

ಕಥೆ ಎಲ್ಲಿಂದ ಶುರು ಮಾಡುತ್ತೀರಿ ಅನ್ನುವುದರಲ್ಲೇ ಅರ್ಧ ತೀರ್ಪು ಇರುತ್ತದೆ. 1977ರಿಂದ ಶುರು ಮಾಡಿ ನೋಡಿ. ಆ ವರ್ಷ 101ನೇ ಕಾನೂನು ಬಂತು. ವಲಸಿಗರ ಮಕ್ಕಳು ಫ್ರೆಂಚ್ ಶಾಲೆಗೆ, ಅಂಗಡಿ ಬೋರ್ಡು ಫ್ರೆಂಚಿನಲ್ಲಿ ಮಾತ್ರ. ಮರುವರ್ಷ ಸನ್ ಲೈಫ್ ವಿಮಾ ಕಂಪನಿ ತನ್ನ ಮುಖ್ಯ ಕಚೇರಿಯನ್ನು ಮಾಂಟ್ರಿಯಲ್‌ನಿಂದ ಟೊರಾಂಟೊಗೆ ಸಾಗಿಸುತ್ತೇನೆ ಅಂತ ಹೇಳಿತು. ನನ್ನ ಕೆಳಮನೆ ಅಜ್ಜಿಯ ಕಥೆ ಅಲ್ಲಿಂದಲೇ ಶುರುವಾಗುತ್ತದೆ. ಪಕ್ಕದ ಟೇಬಲ್ಲಿನವರ ಕಥೆ 1961ರಿಂದ. ಆ ವರ್ಷದ ಜನಗಣತಿಯ ಆಧಾರದ ಮೇಲೆ ರಾಷ್ಟ್ರೀಯ ಆಯೋಗವೊಂದು ಕ್ವಿಬೆಕ್‌ನ 14 ಜನಾಂಗಗಳ ಗಂಡಸರ ಆದಾಯ ಹೋಲಿಸಿ ನೋಡಿತು. ಅವರದೇ ಪ್ರಾಂತ್ಯದಲ್ಲಿ ಫ್ರೆಂಚ್ ಮೂಲದವರು 12ನೇ ಸ್ಥಾನದಲ್ಲಿದ್ದರು. ಪಕ್ಕದ ಟೇಬಲ್ಲಿನವರ ಅಜ್ಜನಿಗೆ ಕಾರ್ಖಾನೆಯಲ್ಲಿ ಫೋರ್‌ಮನ್ ಹತ್ತಿರ ರಜೆ ಕೇಳುವುದಕ್ಕೂ ಇಂಗ್ಲಿಷ್ ಬೇಕಿತ್ತಂತೆ. ಒಂಟಾರಿಯೊದ ಫ್ರೆಂಚ್ ಮಾತಿನವರನ್ನು ಕೇಳಿದರೆ 1912 ಅನ್ನುತ್ತಾರೆ, ಅಲ್ಲಿನ ಸರ್ಕಾರ 17ನೇ ನಿಯಮ ತಂದು ಶಾಲೆಗಳಲ್ಲಿ ಮೊದಲ ಎರಡು ವರ್ಷ ಬಿಟ್ಟು ಉಳಿದ ಕಡೆ ಫ್ರೆಂಚನ್ನು ಹೊರಗಿಟ್ಟ ವರ್ಷ. ಮೂರೂ ನಿಜ.

ಅಲ್ಪಸಂಖ್ಯಾತರು ಯಾರು ಅನ್ನುವುದೂ ಹೀಗೇ, ಗೆರೆ ಎಲ್ಲಿ ಎಳೆಯುತ್ತೀರಿ ಅನ್ನುವುದರ ಮೇಲೆ ನಿಂತಿದೆ. ಕ್ವಿಬೆಕ್ ಸುತ್ತ ಎಳೆದರೆ ಇಂಗ್ಲಿಷ್ ಮಾತಿನವರು, ಕೆನಡಾ ಸುತ್ತ ಎಳೆದರೆ ಫ್ರೆಂಚ್ ಮಾತಿನವರು. ಇದು ವಿಶ್ವಸಂಸ್ಥೆಯವರೆಗೂ ಹೋಯಿತು. ಕ್ವಿಬೆಕ್‌ನಲ್ಲಿ ಅಂಗಡಿ ಇಟ್ಟಿದ್ದ ಕೆಲವರು, ಅದರಲ್ಲಿ ಒಬ್ಬರು ಶವಸಂಸ್ಕಾರದ ವ್ಯಾಪಾರದವರು, ಇಂಗ್ಲಿಷ್ ಬೋರ್ಡು ತೆಗೆಯಬೇಕು ಅಂದದ್ದರ ವಿರುದ್ಧ ಮಾನವ ಹಕ್ಕು ಸಮಿತಿಗೆ ದೂರು ಕೊಟ್ಟರು. 1993ರಲ್ಲಿ ಸಮಿತಿ ಎರಡು ಮಾತು ಹೇಳಿತು. ಒಂದು, ಬೋರ್ಡಿನ ಮೇಲೆ ಬೇರೆ ಭಾಷೆಯೇ ಇರಬಾರದು ಅನ್ನುವುದು ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ವಿರುದ್ಧ. ಎರಡು, ಇಂಗ್ಲಿಷ್ ಮಾತಿನವರು ಅಂತರರಾಷ್ಟ್ರೀಯ ಒಪ್ಪಂದದ ಅರ್ಥದಲ್ಲಿ ಅಲ್ಪಸಂಖ್ಯಾತರಲ್ಲ, ಯಾಕೆಂದರೆ ಇಡೀ ದೇಶದ ಲೆಕ್ಕ ಹಿಡಿಯಬೇಕು. ಇಂಗ್ಲಿಷ್ ಕಡೆಯವರು ಮೊದಲನೆಯದನ್ನು ಹೇಳಿ ನಿಲ್ಲಿಸುತ್ತಾರೆ, ಫ್ರೆಂಚ್ ಕಡೆಯವರು ಎರಡನೆಯದನ್ನು. ಅದೇ ವರ್ಷ ಕ್ವಿಬೆಕ್ ಕಾನೂನು ಬದಲಾಯಿಸಿತು: ಬೇರೆ ಭಾಷೆ ಇರಬಹುದು, ಫ್ರೆಂಚ್ ಎದ್ದು ಕಾಣಬೇಕು. ‘ಕ್ವಿಬೆಕ್‌ನಲ್ಲಿ ಇಂಗ್ಲಿಷ್ ಬೋರ್ಡಿಗೆ ನಿಷೇಧ’ ಅಂತ ಈಗಲೂ ಬರೆಯುವವರಿದ್ದಾರೆ. ‘ಇತ್ತು’ ಅನ್ನಬೇಕಾದಲ್ಲಿ ‘ಇದೆ’ ಅಂದರೆ ಮೂವತ್ತು ವರ್ಷ ಹಿಂದಿನ ಪೇಪರ್ ಓದಿದ ಹಾಗೆ.

ಅಂಕಿಯಲ್ಲಂತೂ ನಾನೇ ಸಿಕ್ಕಿಹಾಕಿಕೊಂಡಿದ್ದೇನೆ. ಕ್ವಿಬೆಕ್‌ನಲ್ಲಿ ಮನೆಯಲ್ಲಿ ಹೆಚ್ಚಾಗಿ ಫ್ರೆಂಚ್ ಆಡುವವರು 2016ರಲ್ಲಿ ಶೇ. 79 ಇದ್ದರು, 2021ರಲ್ಲಿ ಶೇ. 77.5. ಫ್ರೆಂಚ್ ಕುಸಿತ ಅಂತ ದೊಡ್ಡ ಸುದ್ದಿ. ಆ ಇಳಿದದ್ದರಲ್ಲಿ ನಮ್ಮ ಮನೆಯೂ ಒಂದು, ಯಾಕೆಂದರೆ ನಾವು ಮನೆಯಲ್ಲಿ ಕನ್ನಡ ಆಡುತ್ತೇವೆ. ನನ್ನ ಮಗಳು ಹೋಗುವುದು ಫ್ರೆಂಚ್ ಶಾಲೆಗೆ, ಗೆಳತಿಯರ ಜೊತೆ ಜಗಳ ಆಡುವುದು ಫ್ರೆಂಚಿನಲ್ಲಿ, ನನ್ನ ಉಚ್ಚಾರ ಕೇಳಿ ನಗುವುದೂ ಫ್ರೆಂಚಿನಲ್ಲಿ. ಫ್ರೆಂಚ್ ಬರುತ್ತದೆ ಅನ್ನುವವರ ಲೆಕ್ಕ ಬೇರೆ, ಅದು ಶೇ. 93.7. ಇನ್ನು ಇಂಗ್ಲಿಷ್ ಒಂದೇ ತಾಯಿನುಡಿ ಆಗಿರುವವರು ಹತ್ತರಲ್ಲಿ ಒಬ್ಬರಿಗಿಂತ ಕಡಿಮೆ, ಆದರೆ ‘ಮೊದಲ ಅಧಿಕೃತ ಭಾಷೆ’ ಅನ್ನುವ ಲೆಕ್ಕದಲ್ಲಿ ಇಂಗ್ಲಿಷ್ ಶೇ. 13. ಇಂಗ್ಲಿಷ್ ಬಂದು ಫ್ರೆಂಚ್ ಬಾರದ ನನ್ನ ಹೆಂಡತಿ ಆ ಲೆಕ್ಕಕ್ಕೆ ಸೇರುತ್ತಾಳೆ. ಅರಸೀಕೆರೆಯವಳು! ಯಾರಿಗೆ ಯಾವ ಅಂಕಿ ಬೇಕೋ ಅದು ಸಿಗುತ್ತದೆ. ಯಾವ ಪ್ರಶ್ನೆಗೆ ಬಂದ ಅಂಕಿ ಅಂತ ಬರೆಯದೆ ಅಂಕಿ ಕೊಡಬೇಡಿ.

ಬೆಂಗಳೂರನ್ನು ತಂದು ಇದರ ಪಕ್ಕ ನಿಲ್ಲಿಸುವ ಆಸೆ ಎಲ್ಲರಿಗೂ ಆಗುತ್ತದೆ. ಬೋರ್ಡಿನಲ್ಲಿ ಶೇ. 60 ಕನ್ನಡ ಅಂತ 2024ರಲ್ಲಿ ಕಾನೂನು ಆಯಿತಲ್ಲ, ಕ್ವಿಬೆಕ್‌ನಲ್ಲಿ ಫ್ರೆಂಚಿಗೆ ಉಳಿದದ್ದರ ಎರಡರಷ್ಟು ಜಾಗ. ಒಂದೇ ತರಹ ಕಾಣುತ್ತದೆ, ನನಗೂ ಫ್ರೆಂಚ್ ಕಡೆ ಮನಸ್ಸು ಎಳೆಯುವುದು ಅದಕ್ಕೇ, ಸುಳ್ಳು ಯಾಕೆ ಹೇಳಲಿ. ಆದರೆ ಕರ್ನಾಟಕದಲ್ಲಿ ಇಂಗ್ಲಿಷ್ ಬಹುಪಾಲು ಯಾರ ಮನೆಮಾತೂ ಅಲ್ಲ. ಕ್ವಿಬೆಕ್‌ನಲ್ಲಿ ಅದು 250 ವರ್ಷದಿಂದ ನೆಲೆಸಿದ ಜನರ ತಾಯಿನುಡಿ, ಅವರೇ ಕಟ್ಟಿದ ಆಸ್ಪತ್ರೆಗಳಿವೆ, 1821ರ ಮೆಗಿಲ್ ವಿಶ್ವವಿದ್ಯಾಲಯ ಇದೆ. ಹೋಲಿಕೆ ಕೊಟ್ಟ ಕೂಡಲೇ ಆ ಜನ ಮಾಯವಾಗುತ್ತಾರೆ.

ಇಬ್ಬರನ್ನು ಮಾತ್ರ ತೂಗುತ್ತಾ ಕೂತರೆ ಮೂರನೆಯವರೂ ಮಾಯ. ಕ್ವಿಬೆಕ್ ಬೇರೆಯಾಗಬೇಕಾ ಅಂತ ಕೇಳಿದ 1995ರ ಅಕ್ಟೋಬರ್ 30ರ ಜನಮತ ಎಲ್ಲರಿಗೂ ಗೊತ್ತು, ‘ಬೇಡ’ಕ್ಕೆ ಶೇ. 50.58, ‘ಬೇಕು’ಗೆ ಶೇ. 49.42, ಅಂತರ 54,288 ಮತ. ಅದಕ್ಕೆ ಕೆಲವೇ ದಿನ ಮೊದಲು ಉತ್ತರ ಕ್ವಿಬೆಕ್‌ನ ಕ್ರೀ ಜನ ತಮ್ಮದೇ ಜನಮತ ನಡೆಸಿ, ನಾವು ಕೆನಡಾ ಬಿಟ್ಟು ಹೋಗುವುದಿಲ್ಲ ಅಂತ ಶೇ. 96ರಷ್ಟು ಮತ ಹಾಕಿದ್ದು ಎಷ್ಟು ಜನಕ್ಕೆ ಗೊತ್ತು? 30ರ ರಾತ್ರಿ ಪ್ರೀಮಿಯರ್ ಜಾಕ್ ಪರಿಜೋ ತಮ್ಮ ಸೋಲಿಗೆ ಹಣ ಮತ್ತು ‘ಎಥ್ನಿಕ್’ ಮತಗಳು ಕಾರಣ ಅಂದರು. ನಮ್ಮಂಥವರ ಮತ ಅಂತ ಅರ್ಥ. ಅವರ ಕಡೆಯವರೇ ಅದನ್ನು ಖಂಡಿಸಿದರು. ಅಂದಾಜಿನ ಪ್ರಕಾರ ಫ್ರೆಂಚ್ ಮಾತಿನವರಲ್ಲೇ ಹತ್ತಕ್ಕೆ ನಾಲ್ಕು ಜನ ‘ಬೇಡ’ ಅಂದಿದ್ದರು, ಅವರ ಮನೆಯೊಳಗೇ ಅಣ್ಣ ಒಂದು ಕಡೆ, ತಮ್ಮ ಒಂದು ಕಡೆ.

ಕೊನೆಗೆ ಪ್ರಶ್ನೆ ಕೇಳಿ ಅಂದೆ. ಒಬ್ಬ ಹುಡುಗ ಎದ್ದು, “ಅದೆಲ್ಲ ಸರಿ ಸಾರ್, ಊರಿನ ಹೆಸರು ಹೇಗೆ ಬರೀಬೇಕು? ಇಂಗ್ಲಿಷಿನವರ ಹಾಗೆ ಕ್ವಿಬೆಕ್, ಮಾಂಟ್ರಿಯಲ್ ಅಂತಾನಾ, ಫ್ರೆಂಚಿನವರ ಹಾಗೆ ಕೆಬೆಕ್, ಮೊಂರೆಯಾಲ್ ಅಂತಾನಾ?” ಅಂದ. ಒಳ್ಳೆ ಪ್ರಶ್ನೆ. ಬೆಳಗಾವಿ-ಬೆಳಗಾವ್ ಕೇಳಿ ಬೆಳೆದವರಿಗೆ ಇದು ಸಣ್ಣ ವಿಷಯ ಅಲ್ಲ. ಕನ್ನಡ ಓದುಗರಿಗೆ ಪರಿಚಯ ಇರುವುದು ಕ್ವಿಬೆಕ್, ಅದಕ್ಕೇ ಅದನ್ನೇ ಬರೆಯುತ್ತೇನೆ, ಆದರೆ ಅದು ಇಂಗ್ಲಿಷ್ ಬಾಯಿಂದ ಬಂದದ್ದು ಅಂತ ಗೊತ್ತಿಟ್ಟುಕೊಂಡೇ ಬರೆಯುತ್ತೇನೆ ಅಂತ ಏನೋ ಹೇಳುತ್ತಿದ್ದೆ. ಅಷ್ಟರಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬರು ಅಮ್ಮ, ಮಗನ ಮನೆಗೆ ಆರು ತಿಂಗಳಿಗೆ ಬಂದವರು, “ನಾವು ಹೋದ ವಾರ ಹೋಗಿ ಬಂದ್ವಲ್ಲ, ಮಾಂಟ್ರಿಯಾಲು” ಅಂದರು.